ಕಾಯುವ ಹೊತ್ತಿಗೊಂದು ಗಿಟಾರು

ಮಕೆರೆತಾ ಕೂತಲ್ಲಿ ಕೂರುವ ಹೆಂಗಸಲ್ಲ. ಬಸ್ಸಿನಲ್ಲಿ ಅವಳ ಮೊಣಕಾಲು ಕುಣಿಯುತ್ತಿರುತ್ತದೆ. ಮೀಟಿಂಗಿನಲ್ಲಿ ಬೆರಳುಗಳು ಮೇಜಿನಂಚನ್ನು ತಟ್ಟುತ್ತಿರುತ್ತವೆ. ಚರ್ಚಿನಲ್ಲಿ ಪಾದ್ರಿಗಳ ಉಪದೇಶ ಸ್ವಲ್ಪ ಉದ್ದವಾಯಿತೆಂದರೆ ಬೀಸಣಿಗೆ ತೆಗೆದು ಅಕ್ಕಪಕ್ಕದವರಿಗೆಲ್ಲ ಗಾಳಿ ಹಾಕತೊಡಗುತ್ತಾಳೆ. ಅವಳ ಜೊತೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ತಲೆ ಸುತ್ತುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ನಮ್ಮ ಕೆಲಸ ದ್ವೀಪದಿಂದ ದ್ವೀಪಕ್ಕೆ ಹೋಗಿ ಶಾಲೆಯ ಮಕ್ಕಳ ಕಿವಿ ಪರೀಕ್ಷೆ ಮಾಡುವುದು. ಅವಳು ನರ್ಸು. ನಾನು ಯಂತ್ರ ಹೊರುವವಳು, ಮಕ್ಕಳನ್ನು ಸಾಲಾಗಿ ಕೂರಿಸುವವಳು. ಮಗುವಿನ ಕಿವಿಗೆ ಹೆಡ್‌ಫೋನು ಹಾಕಿ ಸಣ್ಣ ಸಣ್ಣ ಸದ್ದು ಕೇಳಿಸುತ್ತೇವೆ, ಕೇಳಿಸಿದರೆ ಮಗು ಕೈ ಎತ್ತಬೇಕು. ಕೇಳುವುದಕ್ಕೆ ಸುಲಭವಾಗಿದೆ. ಆದರೆ ಈ ನೌಕರಿಯಲ್ಲಿ ಕಿವಿ ನೋಡುವುದು ಕಾಲು ಭಾಗ, ಕಾಯುವುದು ಮುಕ್ಕಾಲು ಭಾಗ. ದೋಣಿಗೆ ಕಾಯಬೇಕು, ವಿಮಾನಕ್ಕೆ ಕಾಯಬೇಕು, ಸಮುದ್ರ ಇಳಿಯಲಿ ಎಂದು ಕಾಯಬೇಕು, ಶಾಲೆಯ ಬೀಗದ ಕೈ ಇಟ್ಟುಕೊಂಡ ಮೇಷ್ಟ್ರು ಗದ್ದೆಯಿಂದ ಬರಲಿ ಎಂದು ಕಾಯಬೇಕು. ಕೂತಲ್ಲಿ ಕೂರದ ಹೆಂಗಸಿಗೆ ದೇವರು ಇಂಥ ಕೆಲಸ ಕೊಟ್ಟಿದ್ದ.

ಅವಳ ಮನೆಯಲ್ಲಿ ಒಂದು ಗಿಟಾರಿತ್ತು. ದೊಡ್ಡ ಹೊಟ್ಟೆಯದು, ರಾಜಧಾನಿ ಸುವಾದ ಹೊರಗೆ ನಸಿನುವಿನ ಆ ಮನೆಯ ವರಾಂಡದಲ್ಲಿ ಬಾರಿಸಿದರೆ ಎದುರು ಬೀದಿಯವರೂ ತಾಳ ಹಾಕುತ್ತಿದ್ದರು. ಗಂಡ ವೆರೆನಿಕಿ ಸಿಪಾಯಿ. ಶಾಂತಿ ಕಾಯುವ ಪಡೆಯ ಜೊತೆ ದೂರದ ಮರಳುಗಾಡಿಗೆ ಹೋದರೆ ವರ್ಷಗಟ್ಟಲೆ ಬರುತ್ತಿರಲಿಲ್ಲ. ಅವನಿದ್ದಾಗ ಗಿಟಾರು ಅವನದು, ಇಲ್ಲದಾಗ ಅವಳದು. ಹಡಗಿನಲ್ಲಿ ಹೋಗುವಾಗಲೆಲ್ಲ ಅವಳು ಅದನ್ನು ಹೊತ್ತುಕೊಂಡೇ ಹೋಗುತ್ತಿದ್ದಳು, ನಾನು ಯಂತ್ರ ಹೊರುತ್ತಿದ್ದೆ. ಈಚೆಗೆ ನಮ್ಮ ಓಡಾಟವೆಲ್ಲ ಸಣ್ಣ ವಿಮಾನದಲ್ಲಾಗಿ ಆ ದೊಡ್ಡ ಹೊಟ್ಟೆಗೆ ಜಾಗವಿಲ್ಲದಾಯಿತು. ಅದೇ ಸುಮಾರಿಗೆ ವೆರೆನಿಕಿ ಸೈನ್ಯದಿಂದ ನಿವೃತ್ತನಾಗಿ ಮನೆಗೆ ಬಂದ.

ಹೋದ ಹಳ್ಳಿಯಲ್ಲಿ ಗಿಟಾರು ಇರುವುದಿಲ್ಲವೇ ಎಂದರೆ, ಇರುತ್ತದೆ. ಗಿಟಾರಿಲ್ಲದ ಹಳ್ಳಿ ನಮ್ಮಲ್ಲಿಲ್ಲ. ಆದರೆ ಅದು ಗಂಡಸರು ಯಂಗೋನಾ ಬೇರಿನ ಪುಡಿ ಕಲಸಿದ ಬೋಗುಣಿಯ ಸುತ್ತ ಕೂತು ಚಿಪ್ಪು ಚಿಪ್ಪಾಗಿ ಕುಡಿಯುವ ಚಾಪೆಯ ಮೇಲಿರುತ್ತದೆ. ಒಂದು ತಂತಿ ಇರುವುದಿಲ್ಲ, ಇನ್ನೊಂದರ ಜಾಗದಲ್ಲಿ ಮೀನಿನ ಗಾಳದ ದಾರ. ಹೋಗಿ ಕೇಳಿದರೆ ಕೊಡುತ್ತಾರೆ, ಆದರೆ ಅಲ್ಲೇ ಕೂತು ಬಾರಿಸಬೇಕು, ಅವರು ಕೇಳಿದ್ದನ್ನೇ ಬಾರಿಸಬೇಕು. ಮಧ್ಯಾಹ್ನ ದೋಣಿ ನಿಲ್ಲುವ ಧಕ್ಕೆಯ ಮೇಲೆ ಒಬ್ಬಳೇ ಕೂತು ಬಾರಿಸಲು ಅದು ಸಿಗದು.

"ಪ್ರಭಾ, ನನಗೆ ನನ್ನದೇ ಒಂದು ಸಣ್ಣ ಗಿಟಾರು ಬೇಕು ಕಣೆ," ಎಂದಳು ಒಂದು ದಿನ. "ಇಲ್ಲಾಂದ್ರೆ ಹೀಗೆ ಕಾಯ್ತಾ ಕಾಯ್ತಾ ಯಾರಿಗಾದ್ರೂ ಹೊಡೆದುಬಿಡ್ತೀನಿ."

"ಹತ್ತಿರ ಇರೋಳು ನಾನೊಬ್ಬಳೇ ಅಕ್ಕ. ಬೇಗ ತಗೊಂಡುಬಿಡು," ಎಂದೆ.

ಸುವಾದ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಅಕ್ಕಿಯಿಂದ ಗಿಟಾರಿನವರೆಗೆ ಎಲ್ಲವನ್ನೂ ಮಾರುವ ಗುಲಾಬ್‌ಭಾಯಿಯ ಅಂಗಡಿ. ಅವನು ಮೊದಲು ಮಕ್ಕಳ ಅಳತೆಯದೊಂದನ್ನು ಇಳಿಸಿ, "ಮೊಮ್ಮಗಳಿಗಾ ಅಕ್ಕಾ?" ಎಂದು ಕೇಳಿ ಮಕೆರೆತಾಳ ಮುಖ ಕೆಡಿಸಿದ. ಅವಳು ತೊಡೆಯ ಮೇಲಿಟ್ಟು ಬಾರಿಸಿದಳು. ಅವಳ ಬೆರಳುಗಳು ಹಲಸಿನ ಕಾಯಿ ಹೆಚ್ಚಿದ ಬೆರಳುಗಳು, ಆ ಪುಟ್ಟ ಕುತ್ತಿಗೆಯ ಮೇಲೆ ಒಂದರ ಕಾಲನ್ನೊಂದು ತುಳಿದವು. ದನಿಯೋ ಸೊಳ್ಳೆಯದು. ಆಮೇಲೆ ಅವನು ಕುತ್ತಿಗೆ ಮಡಚುವ ಗಿಟಾರೊಂದನ್ನು ತೆಗೆದ. ಮಡಚಿದರೆ ಶಾಲೆ ಚೀಲದೊಳಗೆ ಹೋಗುತ್ತದೆ. ನನಗಂತೂ ಬಹಳ ಹಿಡಿಸಿತು.

"ಮಡಚೋ ಛತ್ರಿ ನಮ್ಮೂರ ಗಾಳಿಗೆ ಎಷ್ಟು ದಿನ ಬಾಳುತ್ತೆ?" ಎಂದು ಮಕೆರೆತಾ ಕೀಲನ್ನು ಉಗುರಿನಿಂದ ಕೆರೆದು ನೋಡಿದಳು. "ಉಪ್ಪು ಗಾಳಿ ಒಂದ್ಸಲ ಕಚ್ಚಿದ್ರೆ ಇದು ಬಿಚ್ಚೋದೂ ಇಲ್ಲ, ಮಡಚೋದೂ ಇಲ್ಲ."

"ಎಣ್ಣೆ ಹಾಕಿ ಅಕ್ಕಾ."

"ಪ್ರತಿ ಸಲ ಬಿಚ್ಚಿ ಶ್ರುತಿ ಮಾಡ್ಕೊಳ್ಳೋ ಹೊತ್ತಿಗೆ ದೋಣಿ ಬಂದಿರುತ್ತೆ ಭಾಯಿ."

ಬರಿಗೈಯಲ್ಲಿ ಹೊರಬಂದೆವು. ಹೊರಬಂದದ್ದೇ ತಿರುಗಿ ಒಳಹೋಗಿ ಮತ್ತೊಮ್ಮೆ ಎಲ್ಲವನ್ನೂ ಮುಟ್ಟಿ ನೋಡಿ ಬಂದಳು.

ಆ ವಾರ ಅವಳಿಗೆ ನೆರವಾದವನು ಸೊಲೊಮೋನೆ. ನೌಸೋರಿ ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗುವವನು, ಅವಳ ಸೋದರಮಾವನ ಮಗ. ಇಬ್ಬರೂ ಎದುರಾದರೆ ಒಬ್ಬರನ್ನೊಬ್ಬರು ಛೇಡಿಸದೆ ಬಿಡುವುದಿಲ್ಲ. ರಜಾದಿನಗಳಲ್ಲಿ ಹೋಟೆಲಿನಲ್ಲಿ ಬಾರಿಸುವ ಅವನ ಬಳಿ ಮೈಯೇ ಇಲ್ಲದ ಗಿಟಾರೊಂದಿತ್ತು. ಬರೀ ಚೌಕಟ್ಟು, ತಂತಿ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡರೆ ಬಾರಿಸುವವರಿಗೆ ಮಾತ್ರ ಕೇಳಿಸುತ್ತದೆ.

"ತಗೊಂಡು ಹೋಗು. ನಿನ್ನ ಹಾಡು ಕೇಳೋ ಕಷ್ಟ ಜನಕ್ಕೂ ತಪ್ಪುತ್ತೆ," ಎಂದು ಕೊಟ್ಟ.

ಕಂದಾವು ದ್ವೀಪಕ್ಕೆ ಅದನ್ನು ಒಯ್ದೆವು. ಮಕ್ಕಳ ಕಿವಿ ನೋಡಿದ್ದಾಯಿತು, ದೋಣಿ ಬರಲಿಲ್ಲ. ಶಾಲೆಯ ಪಕ್ಕದ ಮನೆಯ ಜಗಲಿಯಲ್ಲಿ ಹೆಂಗಸರು ಕೇದಗೆ ಎಲೆಯ ಚಾಪೆ ನೇಯುತ್ತಿದ್ದರು. ಮಕೆರೆತಾ ಒಂದು ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿ ಬಾರಿಸತೊಡಗಿದಳು. ಬೆರಳು ಓಡುತ್ತಿದೆ, ತಲೆ ತೂಗುತ್ತಿದೆ, ಸದ್ದಿಲ್ಲ. ಹೆಂಗಸರು ನೇಯುವುದನ್ನು ಬಿಟ್ಟು ಅವಳನ್ನೇ ನೋಡಿದರು. ಕಡೆಗೆ ಆ ಮನೆಯ ಅಜ್ಜಿ ಅವಳ ಮಂಡಿ ತಟ್ಟಿದಳು.

"ಮಗಳೇ, ಅದೇನು ಯಾರಿಗೂ ಕೇಳಿಸಬಾರದ ಹಾಡಾ?"

ಮಕೆರೆತಾ ಗಾಬರಿಯಿಂದ ಇಯರ್‌ಫೋನು ಕಿತ್ತಳು. "ಇಲ್ಲಜ್ಜಿ, ಇದು ಹೀಗೇ. ನಿಮಗೆ ತೊಂದರೆ ಆಗಬಾರದು ಅಂತ."

"ನಮ್ಮ ಮುಂದೆ ಕೂತು ಬಾಗಿಲು ಹಾಕ್ಕೊಂಡು ಉಂಡ ಹಾಗಾಯ್ತಲ್ಲ."

ಮಕೆರೆತಾ ಇಯರ್‌ಫೋನಿನ ಒಂದು ತುದಿಯನ್ನು ಅಜ್ಜಿಯ ಕಿವಿಗೆ ಸಿಕ್ಕಿಸಿ ಬಾರಿಸಿದಳು. ಅಜ್ಜಿ ಹಾಡು ಮುಗಿಯುವವರೆಗೂ ಗಂಭೀರವಾಗಿ ಕೇಳಿದಳು. "ಚೆನ್ನಾಗಿದೆ. ಇವರೆಲ್ಲಾ ಸರದಿಯಲ್ಲಿ ಬರಬೇಕಾ?" ಎಂದು ಸುತ್ತ ಇದ್ದವರನ್ನು ತೋರಿಸಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಮಕೆರೆತಾಳೂ ನಕ್ಕಳು, ಆದರೆ ಮುಖ ಕೆಂಪಾಗಿತ್ತು. ನೌಸೋರಿಗೆ ಬಂದಿಳಿದ ಕೂಡಲೇ ಅದನ್ನು ಸೊಲೊಮೋನೆಯ ಕೈಗೆ ಹಿಂದಿರುಗಿಸಿದಳು.

ಆ ಭಾನುವಾರ ಅವಳ ಮನೆಯಲ್ಲಿ ನನಗೂ ಊಟ. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು, ಮರಗೆಣಸು. ನಿವೃತ್ತನಾದ ಮೇಲೆ ವೆರೆನಿಕಿ ಅಡುಗೆ ಕಲಿತಿದ್ದ, ಅಂಗಳದ ಹುಲ್ಲನ್ನು ಸಿಪಾಯಿಯ ತಲೆಯ ಹಾಗೆ ಕತ್ತರಿಸಿಟ್ಟಿದ್ದ. ಊಟದ ನಡುವೆ ನನ್ನ ಕಡೆ ತಿರುಗಿದ.

"ನಿಮ್ಮ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿ ಆಗಿದೆಯಂತಲ್ಲ ಪ್ರಭಾ? ಓಡಾಟವಿಲ್ಲ, ಸಂಜೆಗೆ ಮನೆ. ಇವಳಿಗೇ ಕೊಡ್ತಾರಂತೆ."

ನಾನು ಮೀನಿನ ಮುಳ್ಳು ತೆಗೆಯುವುದರಲ್ಲಿ ಮಗ್ನಳಾದೆ.

"ಕೇಳಿದ್ದಾರೆ. ನಾನಿನ್ನೂ ಏನೂ ಹೇಳಿಲ್ಲ," ಎಂದಳು ಮಕೆರೆತಾ.

"ಹೇಳದೆ ಗಿಟಾರು ಹುಡುಕ್ತಾ ಇದೀಯ. ಮನೇಲೊಂದು ಇಲ್ವಾ?"

"ಗಿಟಾರು ಮನೇಲಿದೆ. ನಾನು ಮನೇಲಿಲ್ವಲ್ಲ."

"ನಾನೂ ಅದನ್ನೇ ಹೇಳ್ತಿರೋದು." ಅವನು ತಟ್ಟೆ ಸರಿಸಿದ. "ಸಣ್ಣ ಗಿಟಾರು ತಗೊಳ್ಳೋದು ಅಂದ್ರೆ ಇನ್ನೂ ಕಾಲು ಸೋಲೋವರೆಗೂ ತಿರುಗ್ತೀನಿ ಅಂತ ತಾನೆ?"

"ನೀನು ಮರಳುಗಾಡಿಗೆ ಹೊರಡುವಾಗ ನಾನು ನಿನ್ನ ಬೂಟು ಬಚ್ಚಿಟ್ಟಿದ್ನಾ?"

ವೆರೆನಿಕಿ ಎದ್ದು ಹೋಗಿ, ಕತ್ತರಿಸಿದ್ದ ಹುಲ್ಲನ್ನೇ ಮತ್ತೆ ಕತ್ತರಿಸತೊಡಗಿದ. ಮಕೆರೆತಾ ಪಾತ್ರೆ ತೊಳೆದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಗಂಡಹೆಂಡಿರಲ್ಲಿ ಅವಳೊಬ್ಬಳೇ ಚಡಪಡಿಸುವವಳು ಎಂದುಕೊಂಡಿದ್ದೆನಲ್ಲ, ಆವತ್ತು ನನಗೆ ಅನುಮಾನ ಬಂತು.

ಸ್ವಲ್ಪ ದಿನಕ್ಕೆ ಹಡಗಿನಲ್ಲಿ ಹೊಸ ಮಾಲು ಬಂದಿದೆಯೆಂದು ಗುಲಾಬ್‌ಭಾಯಿ ಹೇಳಿಕಳಿಸಿದ. ಈ ಸಲ ಅವನು ಎರಡು ಗಿಟಾರು ತೆಗೆದಿಟ್ಟಿದ್ದ. ಎರಡರದೂ ಮೈ ಸಣ್ಣದು, ಕುತ್ತಿಗೆ ಮಾತ್ರ ಮನೆಯ ಗಿಟಾರಿನಷ್ಟೇ ಉದ್ದ. ಮಕೆರೆತಾ ಅಂಗಡಿಯ ಅಕ್ಕಿ ಮೂಟೆಯ ಮೇಲೆ ಕೂತಳು. ನನ್ನನ್ನು ಒಂದು ಪಕ್ಕ, ಗುಲಾಬ್‌ಭಾಯಿಯನ್ನು ಇನ್ನೊಂದು ಪಕ್ಕ ಒತ್ತಿ ಕೂರಿಸಿದಳು.

"ದೋಣಿಯಲ್ಲಿ ಇಷ್ಟೇ ಜಾಗ ಸಿಗೋದು. ಮೊಣಕೈ ಆಡುತ್ತಾ ನೋಡೋಣ."

ಆಡಿತು. ಮೊದಲನೆಯದರ ಮುಂಭಾಗ ಒಂದೇ ಹಲಗೆಯದು. ಎಂಥ ದನಿ ಅಂತೀರಿ, ಜೇನಿನ ಹಾಗೆ. ಎರಡನೆಯದು ಪದರ ಪದರ ಅಂಟಿಸಿದ ಹಲಗೆಯದು, ದನಿ ಸ್ವಲ್ಪ ಒಣ.

"ಜೇನಿನದೇ ತಗೋ ಅಕ್ಕ," ಎಂದೆ.

ಅವಳು ಅದನ್ನು ಬಹಳ ಹೊತ್ತು ಬಾರಿಸಿದಳು. ಕೆಳಗಿಟ್ಟು ಮತ್ತೆ ಎತ್ತಿಕೊಂಡಳು. "ಒಂಟಿ ಹಲಗೆ ನಮ್ಮ ತೇವಕ್ಕೆ ಉಬ್ಬುತ್ತೆ, ಬಿಸಿಲಿಗೆ ಸೀಳುತ್ತೆ. ಇದನ್ನ ಮಗು ಥರ ಕಾಯ್ಬೇಕು. ಕಾಯೋದು ತಪ್ಪಲಿ ಅಂತ ತಾನೆ ನಾನು ಗಿಟಾರು ತಗೊಳ್ತಿರೋದು?" ಎಂದು ನಿಟ್ಟುಸಿರು ಬಿಟ್ಟು ಒಣ ದನಿಯದನ್ನೇ ತೆಗೆದುಕೊಂಡಳು. ಬಾಗಿಲು ದಾಟುವಾಗ ಜೇನಿನ ಕಡೆ ತಿರುಗಿ ನೋಡಿದಳು. ಗಂಡನಿಗೆ ಹೇಳದೆ ಗಿಟಾರನ್ನು ನನ್ನ ಮನೆಯಲ್ಲಿಟ್ಟಳು.

ಲಕೆಂಬ ದ್ವೀಪಕ್ಕೆ ಹೊರಟ ದಿನ ಸೊಲೊಮೋನೆ ನಮ್ಮನ್ನು ತಕ್ಕಡಿಯ ಮೇಲೆ ಹತ್ತಿಸಿದ. ಯಂತ್ರ, ಚೀಲಗಳು, ನಾವು, ಎಲ್ಲಾ ಸೇರಿ ಲೆಕ್ಕ ಮೀರುತ್ತಿತ್ತು.

"ಗಿಟಾರು ಹತ್ತಬೇಕು ಅಂದ್ರೆ ನೀನು ನಿನ್ನೆ ತಿಂದ ಕೆಸುವಿನ ಗೆಡ್ಡೆ ಇಳಿಸ್ಬೇಕು," ಎಂದ.

"ನಿನ್ನ ಹೊಟ್ಟೆ ಇಳಿಸು ಭಾವ. ವಿಮಾನಕ್ಕೆ ಇನ್ನೊಂದು ಸೀಟೇ ಹಾಕಬಹುದು."

"ನಾನೇನು ಹಾರ್ತೀನೇನೇ?"

"ಗಾಳಿ ತುಂಬಿದೆಯಲ್ಲ, ಯಾವತ್ತಾದ್ರೂ ಹಾರ್ತೀಯ."

ಅವಳು ಬೂಟು, ಬಿಸ್ಕತ್ತಿನ ಡಬ್ಬ, ಒಂದು ಜೊತೆ ಬಟ್ಟೆ ಅವನ ಮೇಜಿನಡಿ ಬಿಟ್ಟಳು. ಗಿಟಾರು ಹತ್ತಿತು.

ಲಕೆಂಬದಲ್ಲಿ ಕೆಲಸ ಮುಗಿದ ಮೇಲೆ ಗಾಳಿ ಎದ್ದಿತು. ವಿಮಾನ ಇವತ್ತಿಲ್ಲ, ನಾಳೆ ಎಂದರು. ನಾಳೆಯೂ ಇಲ್ಲ ಎಂದರು. ಗಿಟಾರು ಹೇಳಿ ಮಾಡಿಸಿದ ಹಾಗಿತ್ತು. ಬೆರಳಿಗೆ ಇಕ್ಕಟ್ಟಿಲ್ಲ, ತೇವಕ್ಕೆ ಶ್ರುತಿ ಕದಲಲಿಲ್ಲ, ಮಕ್ಕಳು ಸುತ್ತ ಕೂತು ಚಪ್ಪಾಳೆ ತಟ್ಟಿದರು. ಆದರೆ ಮಕೆರೆತಾ ಒಂದು ಹಾಡನ್ನು ಅರ್ಧ ಬಾರಿಸಿ ಬಿಡುತ್ತಿದ್ದಳು, ಇನ್ನೊಂದು ಹಿಡಿಯುತ್ತಿದ್ದಳು. ಗಂಟೆಗೊಮ್ಮೆ ಸಿಗ್ನಲ್ ಸಿಗುವ ಚರ್ಚಿನ ದಿಬ್ಬ ಹತ್ತಿ ಮನೆಗೆ ಫೋನು ಮಾಡುತ್ತಿದ್ದಳು. ವೆರೆನಿಕಿ ಎತ್ತುತ್ತಿರಲಿಲ್ಲ.

"ಗಿಟಾರು ಬಂದ್ರೂ ನಿಂಗೆ ಸಮಾಧಾನ ಇಲ್ವಲ್ಲ ಅಕ್ಕ," ಎಂದೆ.

"ಕೆಳದನಿ ಅವನು ಹಾಡ್ತಿದ್ದ. ನಾನು ಮೇಲಿನದು. ಬರೀ ಮೇಲಿನದು ಹಾಡ್ತಾ ಕೂತ್ರೆ ಮೇಲೆ ಹತ್ತಿಸಿ ಏಣಿ ತೆಗೆದ ಹಾಗಿರುತ್ತೆ ಕಣೆ." ಸ್ವಲ್ಪ ಹೊತ್ತು ತಂತಿ ಕೆದಕಿ, "ಆ ಕುರ್ಚಿ ಒಪ್ಪಿಕೊಂಡುಬಿಡ್ಲಾ?" ಎಂದಳು. ನಾನು ಉತ್ತರ ಯೋಚಿಸುವಷ್ಟರಲ್ಲಿ ಅವಳು ಎದ್ದು ಮತ್ತೆ ದಿಬ್ಬದ ಕಡೆ ಹೊರಟಿದ್ದಳು.

ಕಡೆಗೂ ವಿಮಾನ ಬಂತು. ಅವಳಿಗೆ ಒಬ್ಬಳೇ ಮನೆಗೆ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಎಳೆದುಕೊಂಡು ಹೋದಳು. ವೆರೆನಿಕಿ ವರಾಂಡದಲ್ಲಿ ಚೀಲ ಕಟ್ಟುತ್ತಾ ಕೂತಿದ್ದ. ಮೈಮೇಲೆ ಹಡಗಿನ ಕಂಪನಿಯ ಅಂಗಿ.

"ನಾಳೆ ಹೊರಡ್ತೀನಿ," ಎಂದ. "ಸವುಸವು, ತವೆಉನಿ ಕಡೆ ಹೋಗೋ ಹಡಗು. ಸಾಮಾನು ಹತ್ತಿಸಿ ಇಳಿಸೋದರ ಉಸ್ತುವಾರಿ."

ಮಕೆರೆತಾ ನಿಂತೇ ಇದ್ದಳು. "ನನಗೊಂದು ಮಾತು ಹೇಳ್ಬಾರ್ದಿತ್ತಾ? ಫೋನ್ ಮಾಡಿ ಮಾಡಿ ಸತ್ತೆ."

"ಧಕ್ಕೆಯಲ್ಲಿ ತರಬೇತಿ ಇತ್ತು." ಅವನು ಅವಳ ಬೆನ್ನಿನ ಮೇಲಿದ್ದ ಗಿಟಾರಿನ ಚೀಲವನ್ನು ನೋಡಿದ. "ಅದನ್ನ ತಗೊಳ್ಳೋವಾಗ ನೀನು ಹೇಳಿದ್ಯಾ?"

ಅವಳು ಮೆಟ್ಟಿಲ ಮೇಲೆ ಕೂತಳು. ನಾನು ಹೊರಡುವ ನೆಪ ಹುಡುಕಿದೆ, ಅವಳು ನನ್ನ ಸೆರಗು ಬಿಡಲಿಲ್ಲ.

"ನೀನು ಹೋದಾಗೆಲ್ಲ ಗೇಟಿನ ಹತ್ರ ನಿಂತು ರಸ್ತೆ ನೋಡ್ತಿದ್ದೆ," ಎಂದ ವೆರೆನಿಕಿ, ದನಿ ತಗ್ಗಿಸಿ. "ನೀನು ಬರೋದನ್ನ ಕಾಯ್ತಿದೀನಿ ಅಂದ್ಕೊಂಡಿದ್ದೆ. ಅಲ್ಲ ಮಕೆ. ನನಗೂ ಎಲ್ಲಿಗಾದ್ರೂ ಹೋಗ್ಬೇಕಿತ್ತು. ಅದನ್ನ ಒಪ್ಕೊಳ್ಳೋಕೆ ಆಗದೆ ನಿನ್ನ ಮೇಲೆ ಹಾರಾಡಿದೆ."

"ಹುಲ್ಲು ನೋಡಿದಾಗಲೇ ನನಗೆ ತಿಳೀಬೇಕಿತ್ತು," ಎಂದಳು ಅವಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

"ಒಂದು ಕೇಳ್ಲಾ? ಆ ಸಣ್ಣದನ್ನ ಈ ಸಲಕ್ಕೆ ಕೊಡು."

"ಹಡಗಲ್ಲಿ ಬೇಕಾದಷ್ಟು ಜಾಗ. ದೊಡ್ಡದು ತಗೊಂಡು ಹೋಗು."

"ಮಲಗೋ ಜಾಗದಲ್ಲಿ ನಾನೇ ಹಿಡಿಸಲ್ಲ."

"ಹಾಗಾದ್ರೆ ಗುಲಾಬ್‌ಭಾಯಿ ಹತ್ರ ಹೋಗು. ಅಕ್ಕಿ ಮೂಟೆ ಮೇಲೆ ಕೂತು, ಮೊಣಕೈ ಆಡಿಸಿ ನೋಡಿ ತಗೋ. ಇದನ್ನ ಕೊಡಲ್ಲ."

ಮರುದಿನ ಹಡಗು ಹೊರಡುವ ಮುಂಚೆ ಅವನು ಅಂಗಡಿಗೆ ಓಡಿದ. ಜೇನಿನ ದನಿಯದು ಆಗಲೇ ಮಾರಾಟವಾಗಿತ್ತು. ಸಿಟ್ಟಿನಲ್ಲಿ ಏನೂ ಕೊಳ್ಳದೆ ಹಡಗು ಹತ್ತಿದ. ದೊಡ್ಡದನ್ನು ಎದುರು ಮನೆಯವರು ಇಸಿದುಕೊಂಡು ಹೋದರು. ಆ ವಾರವೇ ಮಕೆರೆತಾ ಆಫೀಸಿಗೆ ಹೋಗಿ ಆ ಕುರ್ಚಿ ಬೇಡವೆಂದಳು. ಹೇಳಿ ಬಂದ ಮೇಲೆ ಇಡೀ ದಿನ, ಸರಿ ಮಾಡಿದೆನೋ ಇಲ್ಲವೋ ಎಂದು ನನ್ನ ಪ್ರಾಣ ತಿಂದಳು.

ಮುಂದಿನ ತಿಂಗಳು ನಮ್ಮ ಕೆಲಸ ಸವುಸವುವಿನಲ್ಲಿ ಬಿತ್ತು. ಅವನ ಹಡಗು ಬರುವ ದಿನ ಅವಳು ಬೆಳಗಿನಿಂದಲೇ ಧಕ್ಕೆಯಲ್ಲಿ ಅತ್ತಿಂದಿತ್ತ ಓಡಾಡಿದಳು. ಹಡಗು ಬಂತು. ಲಾರಿಗಳು ಇಳಿದವು, ಸಾಮಾನು ಹತ್ತಿತು, ವೆರೆನಿಕಿ ಕೂಗಾಡಿದ. ಅದೆಲ್ಲ ಮುಗಿದ ಮೇಲೆ ಅವರಿಗೆ ಸ್ವಲ್ಪವೇ ಸ್ವಲ್ಪ ಹೊತ್ತು ಸಿಕ್ಕಿತು. ಸಿಮೆಂಟು ಕಟ್ಟೆಯ ಮೇಲೆ ಕೂತು ಬ್ರೆಡ್ಡಿಗೆ ಡಬ್ಬಿ ಮೀನು ಹಾಕಿಕೊಂಡು ತಿಂದರು. ಹಾಡುವುದಕ್ಕೆ ಯಾರಿಗೂ ಹೊಳೆಯಲಿಲ್ಲ. ಮನೆಯ ನೀರಿನ ತೊಟ್ಟಿ ಸೋರುತ್ತಿದೆಯಂತೆ, ಅದನ್ನು ಯಾರು ರಿಪೇರಿ ಮಾಡಿಸಬೇಕು ಎಂದು ಜಗಳವಾಡಿದರು.

ಹಡಗು ಕೂಗಿತು. ಅವನು ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ಓಡಿದ. ಹಡಗು ಹತ್ತುವ ಹಲಗೆಯ ಮೇಲೆ ನಿಂತು ಏನೋ ಕಿರುಚಿದ, ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ.

"ಏನಂದ?" ಎಂದಳು ಮಕೆರೆತಾ.

"ತೊಟ್ಟಿ ನೀನೇ ಮಾಡಿಸು ಅಂದ ಅನ್ಸುತ್ತೆ," ಎಂದೆ.

"ಅಂದಿರ್ತಾನೆ," ಎಂದು ಅವಳು ಸೀರೆಯಂಥ ಉದ್ದದ ಲಂಗ ಕೊಡವಿಕೊಂಡು ಎದ್ದಳು. ಹಡಗು ಇನ್ನೂ ತಿರುಗುತ್ತಿತ್ತು. ಅವಳಾಗಲೇ ರಸ್ತೆಯ ಕಡೆ ಮುಖ ಮಾಡಿ, ನಾಳಿನ ವಿಮಾನ ನಿಜವಾಗಿಯೂ ಬರುತ್ತದಾ ಎಂದು ನನ್ನನ್ನು ಕೇಳುತ್ತಿದ್ದಳು.