ನೊಣದ ಪಾಠದ ಮಾಸ್ತರರು

ಶಲವಡಿ ಕಡೆಯ ಕಾಲೇಜೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಜೀವಶಾಸ್ತ್ರದ ಮಾಸ್ತರರೊಬ್ಬರಿದ್ದರು. ನೊಣದ ಭ್ರೂಣವನ್ನು ಅವರು ದೇವರ ಪಟ ಬರೆಯುವ ಭಕ್ತಿಯಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಅದಕ್ಕೆ ಅಡ್ಡಪಟ್ಟೆ ಎಳೆದು, ಪಟ್ಟೆಯ ಆಚೀಚೆ ಸೀಮೆಸುಣ್ಣ ಕುಟ್ಟಿ ಹೇಳುತ್ತಿದ್ದರು: "ಇಂವ ಕರೀಬೇಕು, ಆಂವ ಓ ಅನ್ನಬೇಕು." ಒಂದು ಸಾಲಿನ ಜೀವಕೋಶಗಳ ಜೀನು ಸಂಕೇತ ಕಳಿಸುತ್ತದೆ, ಪಕ್ಕದ ಸಾಲಿನ ಜೀನು ಮರುಸಂಕೇತ ಕೊಡುತ್ತದೆ. ಹೀಗೆ ಒಬ್ಬರನ್ನೊಬ್ಬರು ಎಚ್ಚರಿಸಿಕೊಂಡೇ ಹುಳುವಿನ ಮೈಯ ಖಂಡಗಳ ನಡುವೆ ಗಡಿ ಉಳಿಯುತ್ತದೆ. ಪಾಠ ಇಷ್ಟೇ.

ಅವರ ಹೊಲವೂ ಅವರ ಅಣ್ಣನ ಹೊಲವೂ ಬಾಜುಬಾಜು. ನಡುವಿನ ಬದುವನ್ನು ಮೊದಲು ಯಾರು ಕಟ್ಟಬೇಕೆಂಬ ಘನವಾದ ಪ್ರಶ್ನೆಯಲ್ಲಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಎರೆಮಣ್ಣಿನ ಬದು ಮಾತ್ರ ಯಾರ ತೀರ್ಪಿಗೂ ಕಾಯದೆ ಪ್ರತಿ ಮಳೆಗೆ ಕರಗುತ್ತಿತ್ತು.

ಒಂದು ದಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಒಂದು ಬಾಜು ಸುಮ್ಮನಾದರ?"

"ಇನ್ನೊಂದೂ ಸುಮ್ಮನಾಗತೈತಿ. ಗಡಿ ಅಳಿಸಿ ಹೋಗತೈತಿ."

"ನಿಮ್ಮ ಬದುವಿನಂಗ ಏನ್ರಿ?"

ತರಗತಿ ನಕ್ಕಿತು. ಮಾಸ್ತರರು ಬೋರ್ಡಿನತ್ತ ತಿರುಗಿ, ನೊಣಕ್ಕೆ ಬೇಡವಾದ ಇನ್ನೊಂದು ಪಟ್ಟೆ ಎಳೆದರು.

ಸಂಜೆ ನನ್ನ ಬೈಕಿನ ಹಿಂದೆ ಕೂತು, "ಹೊಲದ ಕಡೆ ಹೋಗೂಣು ನಡೀರಿ" ಎಂದರು. ಅಲ್ಲಿ ಅವರ ಅಣ್ಣ ಒಬ್ಬರೇ ಕುಸಿದ ಬದುವಿಗೆ ಮಣ್ಣು ಹಾಕುತ್ತಿದ್ದರು. ಮಾಸ್ತರರು ಭಾಷಣಕ್ಕೆ ನಿಂತವರಂತೆ ಗಂಟಲು ಸರಿಮಾಡಿಕೊಂಡು ಕರೆದರು: "ಅಣ್ಣಾ!"

ಅಣ್ಣ ತಲೆ ಎತ್ತಲಿಲ್ಲ. ಹೊರಟುಬಿಡೋಣವೆಂದು ನಾನು ಬೈಕಿನತ್ತ ತಿರುಗಿದ್ದೆ.

"ಸಲಿಕಿ ತಂದೀ ಏನಲೇ?"

"ಇಲ್ಲಣ್ಣಾ."

ಅಣ್ಣ ಹಿಡಿದಿದ್ದ ಸಲಿಕೆಯನ್ನೇ ತಮ್ಮನ ಕೈಗೆ ಕೊಟ್ಟು, ಹಿರಿಯರಿಗೆ ಸಲ್ಲುವ ಗಾಂಭೀರ್ಯದಿಂದ ಬೇವಿನ ನೆರಳಿಗೆ ಹೋಗಿ ಕೂತರು.