ಒಂದು ಹನಿ ಸಮುದ್ರದ ನೀರು

ಮದುವೆಯಾಗಿ ಆರು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಹಗಲಿಡೀ ನೋಡುತ್ತಿದ್ದದ್ದು ಮಾತ್ರ ವೀರ್ಯಾಣುಗಳನ್ನು. ತೊಂಬತ್ತರ ದಶಕದ ನಡುವಿನ ಮಾತಿದು. ಗಂಡನ ಬ್ಯಾಂಕು ನಮ್ಮನ್ನು ಕುಂದಾಪುರದಿಂದ ಎತ್ತಿ ವಡೋದರಕ್ಕೆ ಹಾಕಿತ್ತು. ಮಕರಪುರದ ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತು ತಲೆ ಕೆಡುವುದು ಬೇಡವೆಂದು ಪ್ರಾಣಿಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ವಿಷಯ, ಕಡಲ ಕೆಸರಿನ ಬಿರುಗೂದಲ ಹುಳುಗಳ ವೀರ್ಯಾಣು. ಊರಿನವರು ಏನು ಓದುತ್ತೀ ಎಂದರೆ 'ಹುಳ' ಎಂದಷ್ಟೇ ಹೇಳಿ ಮಾತು ತೇಲಿಸುತ್ತಿದ್ದೆ.

ತಿಂಗಳಿಗೊಮ್ಮೆ, ಅಮಾವಾಸ್ಯೆಯಲ್ಲಿ ಕಡಲು ದೂರ ಇಳಿಯುವ ಹೊತ್ತು ನೋಡಿಕೊಂಡು ಸೂರತ್‌ಗೆ ರೈಲು ಹಿಡಿಯುತ್ತಿದ್ದೆ. ಮೊಣಕಾಲುದ್ದ ಕೆಸರಿಗಿಳಿದು ಹುಳು ಅಗೆದು, ಥರ್ಮಾಸ್ ಫ್ಲಾಸ್ಕಿನ ಉಪ್ಪುನೀರಿಗೆ ಬಿಟ್ಟು ವಾಪಸು ಹೊರಡುವ ಮೊದಲು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೆ ಹೋಗಲೇಬೇಕಿತ್ತು. ಅದು ಅತ್ತೆಯ ದೂರದ ಸಂಬಂಧಿಕರದ್ದು. ಊರಿನಿಂದ ಬರುವವರ ಕೈಯಲ್ಲಿ ಅತ್ತೆ ನನಗೆ ಬಸಿರಾಗುವ ಲೇಹ್ಯ ಕಳಿಸಿ ಅಲ್ಲಿ ಇಡಿಸುತ್ತಿದ್ದರು. ಚೀಟಿಯಲ್ಲಿ ದಪ್ಪ ಅಕ್ಷರದ ನನ್ನ ಹೆಸರು ಹೊತ್ತ ಬಾಟಲಿ, ಗಲ್ಲಾಪೆಟ್ಟಿಗೆಯ ಪಕ್ಕ, ದೋಸೆ ತಿನ್ನುವವರೆಲ್ಲರಿಗೂ ಕಾಣುವಂತೆ ಕೂತಿರುತ್ತಿತ್ತು. ಊರಲ್ಲಿದ್ದಾಗಲೂ ಅದೇ, ಇಲ್ಲಿಯೂ ಅದೇ. ಐದು ವರ್ಷ ಆ ಕಹಿಯನ್ನು ನುಂಗಿದ್ದೇನೆ, ಸಿಟ್ಟನ್ನೂ ಜೊತೆಗೇ.

ಆಸ್ಪತ್ರೆಯಲ್ಲಿ ನನ್ನ ಪರೀಕ್ಷೆಗಳು ಅರ್ಧ ಆಗಿದ್ದವು. ಉಳಿದದ್ದು ಗಂಡನದ್ದು ನೋಡಿದ ಮೇಲೆ ಎಂದು ಡಾಕ್ಟರು ನಿಲ್ಲಿಸಿದ್ದರು. ಇವರು ಒಪ್ಪಲೇ ಇಲ್ಲ.

"ಆ ಲ್ಯಾಬಿನಲ್ಲಿ ಕೂತವರೆಲ್ಲ ನಮ್ಮ ಬ್ಯಾಂಕಿನ ಗಿರಾಕಿಗಳು ಮಾರಾಯ್ತಿ," ಎನ್ನುತ್ತಿದ್ದರು. ಕೊನೆಗೆ ಒಂದು ಶನಿವಾರ, ಗೋಡೆ ನೋಡುತ್ತಾ, "ನಿನ್ನ ಹತ್ರವೇ ಮೈಕ್ರೋಸ್ಕೋಪ್ ಉಂಟಲ್ಲ. ನೀನೇ ನೋಡ್ಲಿಕ್ಕೆ ಆಗುದಿಲ್ವಾ?" ಎಂದರು.

ಭಾನುವಾರ ವಿಭಾಗ ಖಾಲಿ. ಹುಳುಗಳನ್ನು ನೋಡಿಕೊಳ್ಳಲೆಂದು ಕೀಲಿ ನನ್ನ ಬಳಿ ಇರುತ್ತಿತ್ತು. ಇವರು ಕೊಟ್ಟ ಪುಟ್ಟ ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿ, ಬಿಸಿ ಆರದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ರಿಕ್ಷಾದಲ್ಲಿ ಹೋದೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಟ್ಟು, ದಿನಾ ಮಾಡುವ ಹಾಗೆ ಮೇಜಿನ ಬಾಟಲಿಯಿಂದ ಇನ್ನೊಂದು ಹನಿ ಬಿಟ್ಟು, ಮುಚ್ಚಿ ನೋಡಿದೆ. ತಲೆಗಳಿದ್ದವು, ಬಾಲಗಳಿದ್ದವು. ಒಂದೂ ಅಲ್ಲಾಡುತ್ತಿರಲಿಲ್ಲ. ಪಟ್ಟಿ ಸರಿಸಿ ಸರಿಸಿ ಕಣ್ಣು ನೋಯುವಷ್ಟು ಹುಡುಕಿದೆ.

"ಒಂದೂ ಇಲ್ವಾ?" ಎಂದು ಇವರು ಕೇಳಿದರು.

"ಜೀವ ಇರುವುದು ಒಂದೂ ಇಲ್ಲ," ಎಂದೆ.

ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಹಗುರವಾಯಿತು. ಆಮೇಲೆ ಅವರು ಊಟದ ತಟ್ಟೆಯ ಮುಂದೆ ಅನ್ನ ಕಲಸುತ್ತಲೇ ಕೂತದ್ದು ಕಂಡು ನಾಚಿಕೆಯಾಯಿತು. ಮೂರನೇ ದಿನ, "ಅಮ್ಮನಿಗೆ ಕಾಗದ ಹಾಕಿದೆ. ದೋಷ ನನ್ನದು, ಅವಳಿಗೆ ಇನ್ನು ಎಂತದೂ ಕಳಿಸ್ಬೇಡಿ ಅಂತ ಬರ್ದೆ," ಎಂದು ಹೇಳಿ ಬ್ಯಾಂಕಿಗೆ ಹೋದರು.

ಮುಂದಿನ ಅಮಾವಾಸ್ಯೆಗೆ ಹೋಟೆಲಿನಲ್ಲಿ ನನ್ನ ಹೆಸರಿನ ಬಾಟಲಿ ಇರಲಿಲ್ಲ. ಹುಳು ಹೊತ್ತು ತಂದು, ಮಾರನೆಯ ದಿನ ಒಂದು ಬಲಿತ ಗಂಡು ಹುಳುವನ್ನು ಕೊಯ್ದೆ. ಹಾಲಿನಂಥ ದ್ರವ ಬಂತು. ಗುಂಡು ತಲೆ, ಕುತ್ತಿಗೆಯಲ್ಲಿ ಶಕ್ತಿ ಕೊಡುವ ನಾಲ್ಕು ಮಣಿ, ಉದ್ದ ಬಾಲ. ತೆರೆದ ಕಡಲಿಗೆ ಬಿಡುವಂಥವಕ್ಕೆ ತಲೆ ಹೀಗೆ ಗುಂಡಗೆ. ಹೆಣ್ಣಿನ ಗೂಡಿನೊಳಗೆ ಸೇರುವಂಥವಕ್ಕೆ ಉದ್ದುದ್ದ. ಹುಳುವಿನ ಮೈಯೊಳಗೆ ಅವು ಸುಮ್ಮನೆ ಮಲಗಿರುತ್ತವೆ, ಕಡಲ ನೀರು ತಾಗಿದರೆ ಮಾತ್ರ ಎದ್ದು ಈಜುತ್ತವೆ. ಎಬ್ಬಿಸಲೆಂದು ಬಾಟಲಿ ಎತ್ತಿದೆ. ಕೈ ಅಲ್ಲೇ ನಿಂತುಬಿಟ್ಟಿತು.

ಬಾಟಲಿಯಲ್ಲಿದ್ದದ್ದು ಸೋಸಿದ ಸಮುದ್ರದ ನೀರು. ಹುಳುವಿನದ್ದನ್ನು ಎಬ್ಬಿಸುವ ಉಪ್ಪು ಮನುಷ್ಯನದ್ದನ್ನು ನಿಮಿಷದಲ್ಲಿ ನಿಲ್ಲಿಸಿಬಿಡುತ್ತದೆ. ಅಭ್ಯಾಸಬಲದಲ್ಲಿ ನನ್ನ ಗಂಡನದ್ದಕ್ಕೂ ಆ ಹನಿಯನ್ನೇ ಬಿಟ್ಟಿದ್ದೆ. ಇಷ್ಟು ಓದಿದ ಪೆದ್ದಿ ಇಡೀ ಗುಜರಾತಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ನೆಮ್ಮದಿಯಿಂದ ನಗು ಬಂದೇಬಿಟ್ಟಿತು, ಮರುಗಳಿಗೆಯೇ ಅಡಗಿಯೂ ಹೋಯಿತು. ಅವರಲ್ಲಿ ದೋಷವಿಲ್ಲವೆಂದರೆ ಅದು ತಿರುಗಿ ಬಂದು ಕೂರುವುದು ನನ್ನ ತಲೆಯ ಮೇಲೆಯೇ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ದಿನ ಹಾಗೇ ಇದ್ದೆ ಕೂಡ. ಅನ್ನ ಸೇರಲಿಲ್ಲ, ನಿದ್ದೆಯೂ ಬರಲಿಲ್ಲ.

ಮೂರನೆಯ ದಿನ ಹೇಳಿಬಿಟ್ಟೆ. ಇವರು ನನ್ನನ್ನು ಬೈಯಲಿಲ್ಲ. ಭಾನುವಾರ ಇನ್ನೊಮ್ಮೆ ಸೀಸೆ ಕೊಟ್ಟರು. ಉಪ್ಪುನೀರಿನ ಬಾಟಲಿಯನ್ನು ಬೀರುವಿನೊಳಗಿಟ್ಟು ನೋಡಿದೆ. ಎಲ್ಲ ಓಡುತ್ತಿದ್ದವು.

"ಅಮ್ಮನಿಗೆ ಇನ್ನೊಂದು ಕಾಗದ ಹಾಕ್ಬೇಕಲ್ಲ," ಎಂದೆ.

"ಹೋದ ಕಾಗದ ಹೋಯ್ತು. ಇರ್ಲಿ ಬಿಡು," ಎಂದರು.

ಮುಂದಿನ ಸಲ ಸೂರತ್‌ನಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಮತ್ತೆ ಬಾಟಲಿ ಕೂತಿತ್ತು. ಅದೇ ದಪ್ಪ ಅಕ್ಷರ, ಹೆಸರು ಮಾತ್ರ ಇವರದ್ದು. ಮನೆಗೆ ತಂದು ಕಪಾಟಿನಲ್ಲಿ ಅಡಗಿಸಿಟ್ಟೆ. ಇವರೇ ಹುಡುಕಿ ತೆಗೆದು, ಬೆಳಿಗ್ಗೆ ಕಾಫಿಗೆ ಮೊದಲು ಒಂದು ಚಮಚ ಬಾಯಿಗಿಟ್ಟರು. ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು. ನುಂಗಿ ನನ್ನನ್ನು ನೋಡಿದರು.

"ಇದನ್ನು ನೀನು ಐದು ವರ್ಷ ತಿಂದ್ಯಾ?" ಎಂದರು.