ವರದಿಯ ಕೊನೆಯ ಪುಟಗಳು

ಮೊನ್ನೆ ನನಗೆ ನೆಗಡಿಯೆಂದು ಪಕ್ಕದ ಮನೆಯವರು ನೀಲಗಿರಿ ಎಣ್ಣೆಯ ಸೀಸೆ ಕೊಟ್ಟುಹೋದರು. ಬಿರಡೆ ತೆಗೆದದ್ದೇ ತಡ, ನಮ್ಮ ಮೇಷ್ಟ್ರು ಎದುರಿಗೆ ಬಂದು ಕೂತಂತಾಯಿತು. ಚಿನ್ನದ ಗಣಿಯವರು ಅದಿರು ಅರೆದು ಸುರಿದ ಸೈನೈಡ್ ದಿಬ್ಬಗಳ ಧೂಳು ಅವರ ಎದೆಗೆ ಆಗುತ್ತಿರಲಿಲ್ಲ. ಗಣಿಯ ಕಡೆಗೆ ಬರಲು ಬಂಗಾರಪೇಟೆಯಲ್ಲಿ ರೈಲು ಹತ್ತುವಾಗಲೇ ಕರವಸ್ತ್ರಕ್ಕೆ ಎರಡು ಹನಿ ಹಾಕಿಕೊಂಡು ಬರುತ್ತಿದ್ದರು...

ಬಂಗಾರಪೇಟೆಯಲ್ಲಿ ನನಗೆ ಅಕ್ಷರ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಬೆಂಗಳೂರಿನ ಕೆಲವು ವಿದ್ಯಾವಂತರು ಕಟ್ಟಿಕೊಂಡಿದ್ದ ಒಂದು ವಿಚಾರ ಸಂಘಕ್ಕೆ ಸೇರಿದ್ದರು. ಆಡಳಿತದಲ್ಲಿ ಏನು ಬದಲಾಗಬೇಕೆಂದು ಅಧ್ಯಯನ ಮಾಡಿ, ವರದಿ ಬರೆದು ಸರ್ಕಾರಕ್ಕೆ ಕಳಿಸುವುದು ಆ ಸಂಘದ ಕೆಲಸ. ಮೇಷ್ಟ್ರಿಗೆ ಅದರ ಮೇಲೆ ಬಹಳ ನಂಬಿಕೆಯಿತ್ತು. "ತಿಳಿದುಕೊಂಡು ಮಾಡಿದ್ದು ನಿಲ್ಲುತ್ತೆ ಕಣಮ್ಮ" ಎನ್ನುತ್ತಿದ್ದರು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ನಾನಾಗ ಆಂಡರ್ಸನ್‌ಪೇಟೆಯ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಉರಿಗಾಮಿನ ಗಣಿ ಕೂಲಿಗಳ ಲೈನ್ ಮನೆಗಳಲ್ಲಿ ನೀರಿನದೇ ಗೋಳು. ನೀರು, ಚರಂಡಿ ನೋಡಿಕೊಳ್ಳುವ ಸಮಿತಿಯಲ್ಲಿದ್ದವರೆಲ್ಲ ಮೇಲಿನಿಂದ ನೇಮಕವಾದ ದೊಡ್ಡ ಮನುಷ್ಯರು. ಅದರಲ್ಲಿ ಒಬ್ಬನನ್ನಾದರೂ ನಾವೇ ಆರಿಸುತ್ತೇವೆ ಎಂದು ಲೈನಿನವರು ಅರ್ಜಿ ಹಾಕಿದರು. ಅಧಿಕಾರಿಗಳು ಸಂಘದ ಅಭಿಪ್ರಾಯ ಕೇಳಿದರು. ವಿಚಾರಿಸಿ ಬರಲು ಸಂಘ ಮೇಷ್ಟ್ರನ್ನು ಕಳಿಸಿತು. ತಮಿಳು, ತೆಲುಗು ಎರಡೂ ಬರುತ್ತಿದ್ದುದರಿಂದ ನಾನು ಅವರ ಜೊತೆಗಾದೆ.

ಶಾಲೆ ಬಿಟ್ಟ ಮೇಲೆ ಮನೆಮನೆಗೆ ಹೋಗುತ್ತಿದ್ದೆವು. ಕಾಮಸಮುದ್ರದ ಕಡೆಯ ಒಬ್ಬಾಕೆಯಿದ್ದಳು, ಗಂಡ ಸುರಂಗದಲ್ಲಿ ಕೆಲಸ ಮಾಡುವವನು. ಓಟು ಕೊಟ್ಟರೆ ಯಾರಿಗೆ ಹಾಕುತ್ತೀಯಮ್ಮ ಎಂದು ಮೇಷ್ಟ್ರು ಕೇಳಿದರು. ಆಕೆ ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ನೀರು ಬರೋ ಒತ್ತು ತಿಳ್ದೋರ್ಗೆ ಆಕ್ತೀನಿ ಸಾಮಿ. ಈಗಿರೋರು ಒಬ್ರಾದ್ರೂ ಬಿಂದಿಗೆ ಇಡ್ಕೊಂಡು ಈ ಕೊಳಾಯಿ ತಾವ ನಿಂತವ್ರಾ?"

ಮೇಷ್ಟ್ರು ಅದನ್ನು ಆಕೆ ಆಡಿದಂತೆಯೇ ಬರೆದುಕೊಂಡರು. ತಿದ್ದಿ ಬರೆಯೋಣವೇ ಎಂದೆ. ಬೇಡವೆಂದು ತಲೆಯಾಡಿಸಿದರು.

ವರದಿ ಅಚ್ಚಾಗಿ ಬರಲು ಒಂದು ವರ್ಷದ ಮೇಲಾಯಿತು. ಒಳ್ಳೆಯ ಕಾಗದ, ಅಂದದ ಅಕ್ಷರ. ಜನರ ದೂರು ನಿಜ, ಆದರೆ ಪ್ರತಿನಿಧಿಯನ್ನು ಆರಿಸುವಷ್ಟು ಅವರ ತಿಳಿವಳಿಕೆ ಇನ್ನೂ ಬಲಿತಿಲ್ಲ, ವಿದ್ಯೆ ಹರಡಲಿ, ಆಮೇಲೆ ಯೋಚಿಸಬಹುದು ಎಂದು ತೀರ್ಮಾನ. ಕೆಳಗೆ ರುಜುಗಳು. ಅವುಗಳಲ್ಲಿ ಮೇಷ್ಟ್ರದೂ ಇತ್ತು. ಕೊನೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ನಾವು ಬರೆದುಕೊಂಡು ಹೋಗಿದ್ದ ಉತ್ತರಗಳು.

"ನೀವೂ ರುಜು ಹಾಕಿದಿರಾ ಮೇಷ್ಟ್ರೇ?"

"ಹಾಕಿದೆ. ಇಲ್ಲದಿದ್ದರೆ ಆ ಕೊನೆಯ ಪುಟಗಳನ್ನು ಸೇರಿಸೋದಕ್ಕೆ ಅವರು ಒಪ್ಪುತ್ತಿರಲಿಲ್ಲ" ಎಂದರು. ನನ್ನ ಮುಖ ನೋಡಲಿಲ್ಲ.

ಆಮೇಲೆ ಲೈನಿನವರು ಯಾವ ಅರ್ಜಿ ಕೊಟ್ಟರೂ ಒಂದೇ ಉತ್ತರ: ತಿಳಿದವರು ಅಧ್ಯಯನ ಮಾಡಿದ್ದಾರೆ, ಇನ್ನೇನು ಕೇಳುತ್ತೀರಿ? ಆ ವರದಿ ಇಲ್ಲದಿದ್ದರೆ ಅಧಿಕಾರಿಗಳು ಏನಾದರೊಂದು ನೆಪ ಹುಡುಕಬೇಕಾಗುತ್ತಿತ್ತು. ಈಗ ಆ ಕಷ್ಟವೂ ತಪ್ಪಿತ್ತು.

ಒಂದು ಭಾನುವಾರ ಯಾರೂ ಕರೆಯದೆ ಮೇಷ್ಟ್ರು ಉರಿಗಾಮಿಗೆ ಬಂದರು. ಕೊಳಾಯಿಯ ಹತ್ತಿರ ಜನ ಸೇರಿದರು. ಕರವಸ್ತ್ರವನ್ನು ಮೂಗಿಗೆ ಒತ್ತಿ ಸ್ವಲ್ಪ ಸುಧಾರಿಸಿಕೊಂಡು, ಕೊನೆಯ ಪುಟಗಳನ್ನು ಓದತೊಡಗಿದರು. ನಾನು ತಮಿಳಿನಲ್ಲಿ, ತೆಲುಗಿನಲ್ಲಿ ಹೇಳುತ್ತಾ ಹೋದೆ. ಕಾಮಸಮುದ್ರದಾಕೆಯ ಮಾತು ಬಂತು.

"ಅಯ್ಯೋ, ನಾನಂದಿದ್ನ ಅಂಗಂಗೇ ಬುಕ್ನಾಗೆ ಆಕವ್ರಲ್ಲೇ!" ಎಂದು ಆಕೆ ಪಕ್ಕದವಳ ತೊಡೆ ತಟ್ಟಿ ನಕ್ಕಳು. ಆಮೇಲೆ ಇದಕ್ಕೆ ಮುಂಚಿನ ಪುಟಗಳಲ್ಲಿ ಏನಿದೆಯೆಂದು ಕೇಳಿದಳು. ಮೇಷ್ಟ್ರು ತೀರ್ಮಾನವನ್ನೂ ಓದಿದರು.

ಆಕೆಯ ನಗು ನಿಂತಿತು. "ನಮ್ಗೆ ಬುದ್ಧಿ ಬಲ್ತಿಲ್ಲ ಅಂತ ಬರ್ದೋರು ಯಾರು ಸಾಮಿ?"

"ನಾನೂ ಒಬ್ಬನಮ್ಮ. ತಪ್ಪು ಮಾಡಿದೆ."

ಜನ ಎದ್ದು ಹೋಗುತ್ತಾರೆಂದುಕೊಂಡೆ. ಆಕೆ ತನ್ನ ಮನೆಯೊಳಗಿನಿಂದ ಒಂದು ಮಣೆ ತಂದು ಅವರ ಮುಂದಿಟ್ಟಳು.

"ಕೂತ್ಕಳಿ. ಇನ್ನೊಂದು ಬರೀರಿ. ಈ ದಪ ನಾವೇಳ್ದಂಗೆ."

ಕತ್ತಲಾಗುವವರೆಗೂ ಬರೆದರು. ಜನರ ಮಾತಿನ ಹೊರತು ಆ ಅರ್ಜಿಯಲ್ಲಿ ಏನೂ ಇರಲಿಲ್ಲ. ಕೆಳಗೆ ಹೆಬ್ಬೆಟ್ಟುಗಳು, ಅವುಗಳ ನಡುವೆ ಮೇಷ್ಟ್ರ ರುಜು. ಹೆಂಗಸರೇ ಕಚೇರಿಗೆ ಹೊತ್ತುಕೊಂಡು ಹೋದರು. ವಿಷಯ ತಿಳಿದ ಸಂಘ ಮೇಷ್ಟ್ರ ಹೆಸರನ್ನು ತೆಗೆದುಹಾಕಿತು. ಅದರಿಂದ ಅವರಿಗೆ ನೋವಾಯಿತು, ಮುಚ್ಚಿಡಲಿಲ್ಲ. ಆದರೂ ಸಂಘದವರನ್ನು ಬೈದದ್ದು ನಾನು ಕೇಳಲಿಲ್ಲ. "ಕೆಟ್ಟವರಲ್ಲಮ್ಮ. ಕೊಳಾಯಿ ಹತ್ತಿರ ಕೂತು ಬರೆದವರಲ್ಲ, ಅಷ್ಟೆ" ಎಂದರು.

ಕೊನೆಗೆ ಸಮಿತಿಯಲ್ಲಿ ಲೈನಿನವರಿಗೆ ಒಂದು ಸ್ಥಾನ ಸಿಕ್ಕಿತು. ಅದೂ ಗಂಡಸರ ಓಟಿಗೆ ಮಾತ್ರ. ಅಷ್ಟರಲ್ಲಿ ಮೇಷ್ಟ್ರ ಕೆಮ್ಮು ಜಾಸ್ತಿಯಾಗಿ ಅವರು ತೀರಿಕೊಂಡಿದ್ದರು...

ಎಷ್ಟೋ ವರ್ಷಗಳ ಮೇಲೆ, ಎಲ್ಲರಿಗೂ ಓಟು ಬಂದ ಮೊದಲ ಚುನಾವಣೆಯಲ್ಲಿ, ಸಾಲಿನಲ್ಲಿ ನನ್ನ ಮುಂದೆ ಕಾಮಸಮುದ್ರದಾಕೆಯೇ ನಿಂತಿದ್ದಳು. ತಲೆ ಪೂರ್ತಿ ನೆರೆತಿತ್ತು. "ಮೇಷ್ಟ್ರು ಇದ್ದಿದ್ರೆ ಇವತ್ತೂ ಏನೋ ಕೇಳ್ಕಂಡು ಬರ್ಕಂತಿದ್ರು, ಅಲ್ವಾ ಟೀಚರಮ್ಮ?" ಎಂದಳು. ಹೌದೆಂದೆ.

ಈಗ ಆಕೆಯೂ ಇಲ್ಲ. ಇಬ್ಬರದೂ ಒಂದು ಫೋಟೋ ಕೂಡ ನನ್ನ ಬಳಿಯಿಲ್ಲ. ಮೇಷ್ಟ್ರು ಹೇಗಿದ್ದರು ಎಂದು ಯಾರಾದರೂ ಕೇಳಿದರೆ, ಮಣೆಯ ಮೇಲೆ ಕೂತು, ತಲೆ ಬಗ್ಗಿಸಿ, ಆಕೆ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು ಎಂದಷ್ಟೇ ಹೇಳಬಲ್ಲೆ.